ಎರಡು ಗಂಟೆಗೆ ಹಾಡಬೇಕು

ಕಳ್ಳರು ಹಿಂದಿನಿಂದ ಗುಂಡು ಹಾರಿಸುತ್ತಿದ್ದಾರೆ. ಕುದುರೆ ನಾಗಾಲೋಟದಲ್ಲಿದೆ. ಹೀರೋನ ಟೋಪಿ ಮಾತ್ರ ಅಲುಗುವುದಿಲ್ಲ. ಸ್ವಲ್ಪ ಬಿಡುವು ಸಿಕ್ಕರೆ ಸಾಕು, ಕೈಗೆ ಗಿಟಾರ್ ಬರುತ್ತದೆ. ಅದು ಇಷ್ಟು ಹೊತ್ತು ಎಲ್ಲಿತ್ತು ಅಂತ ಕೇಳಬಾರದು. ಪಿಟೀಲಿನವರು ಯಾವ ಬಂಡೆಯ ಹಿಂದೆ ಕೂತಿದ್ದಾರೆ ಅಂತಲೂ ಕೇಳಬಾರದು. ನಮ್ಮ ಸಿನಿಮಾ ನೋಡಿ ಬೆಳೆದವರು ಕೇಳುವುದೂ ಇಲ್ಲ ಬಿಡಿ.

1930–40ರ ದಶಕದ ಅಮೆರಿಕದ ಹಾಡುವ ಕೌಬಾಯ್ ಚಿತ್ರಗಳೆಂದರೆ ನನಗೆ ಪ್ರಾಣ. ಕಡಿಮೆ ದುಡ್ಡಲ್ಲಿ ತೆಗೆದು, ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿದ ಚಿತ್ರಗಳವು. ಅವುಗಳ ದೊಡ್ಡ ತಾರೆ ಜೀನ್ ಆಟ್ರಿ. ರೈಲ್ವೆಯಲ್ಲಿ ತಂತಿ ಕಳಿಸುತ್ತಿದ್ದವರು, ರೇಡಿಯೊದಲ್ಲಿ ಹಾಡಿ ಸಿನಿಮಾಕ್ಕೆ ಬಂದರು. ಬಹುಪಾಲು ಚಿತ್ರಗಳಲ್ಲಿ ಅವರ ಪಾತ್ರದ ಹೆಸರೂ ಜೀನ್ ಆಟ್ರಿಯೇ. ಬೇರೆ ಹೆಸರು ಯಾಕೆ ಸುಮ್ನೆ!

ಅವರ 'ದಿ ಫ್ಯಾಂಟಮ್ ಎಂಪೈರ್' ನೋಡಬೇಕು ನೀವು. 1935ರದ್ದು, 12 ಕಂತು. ಹೀರೋಗೆ ದನ-ಕುದುರೆ ಸಾಕುವ ಒಂದು ರ‍್ಯಾಂಚ್ ಇದೆ. ಅಲ್ಲಿಂದ ದಿನಾ ಮಧ್ಯಾಹ್ನ ಎರಡು ಗಂಟೆಗೆ ರೇಡಿಯೊದಲ್ಲಿ ಹಾಡಲೇಬೇಕು. ಒಂದು ದಿನ ತಪ್ಪಿದರೂ ಒಪ್ಪಂದ ಹೋಯ್ತು, ರ‍್ಯಾಂಚೂ ಹೋಯ್ತು. ಇತ್ತ ಅಲ್ಲಿನ ನೆಲದಡಿಯ ರೇಡಿಯಂ ಆಸೆಗೆ ಬಿದ್ದ ದುಷ್ಟರು ಅವರನ್ನು ಓಡಿಸಲು ನೋಡುತ್ತಾರೆ. ಅತ್ತ ನೆಲದ ಕೆಳಗೆ ಮುರಾನಿಯಾ ಅಂತ ಒಂದು ರಾಜ್ಯ! ಅಲ್ಲೊಬ್ಬ ರಾಣಿ, ತಗಡಿನ ಟೋಪಿ ಹಾಕಿಕೊಂಡ ರೋಬೋಗಳು. ಹೀರೋ ಅಲ್ಲಿ ಸತ್ತೂ ಹೋಗುತ್ತಾನೆ. ಯಂತ್ರದಲ್ಲಿಟ್ಟು ಬದುಕಿಸುತ್ತಾರೆ. ಇಷ್ಟೆಲ್ಲ ನಡೆಯುವಾಗ ನನಗಿರುವ ಆತಂಕ ಒಂದೇ: ಗಂಟೆ ಎಷ್ಟಾಯ್ತು?

ಲೋಕ ಉಳಿಸುವ ಹೀರೋಗಳು ಬೇಕಾದಷ್ಟಿದ್ದಾರೆ. ಕಚೇರಿಗೆ ಹೊತ್ತಾಯ್ತು ಅಂತ ಪಾತಾಳದಿಂದ ಎದ್ದು ಬರುವವರು ಎಷ್ಟು ಮಂದಿ? ಆಟ್ರಿಗೆ ನಟನೆ ಅಷ್ಟಕ್ಕಷ್ಟೇ, ಹೊಡೆದಾಟವೂ ಸುಮಾರು. ಆದರೆ ಹಾಡಲು ನಿಂತರೆ ಮುಖದಲ್ಲಿ ಒಂದು ನಿರಾಳ ಕಾಣುತ್ತದೆ. ಅಬ್ಬ, ಗುಂಡಿನ ಗಲಾಟೆ ಮುಗೀತು, ಇನ್ನು ನನ್ನ ಕೆಲಸ ಅನ್ನುವ ಹಾಗೆ.

1938ರಲ್ಲಿ ಸಂಬಳದ ವಿಷಯಕ್ಕೆ ಅವರು ರಿಪಬ್ಲಿಕ್ ಸ್ಟುಡಿಯೊದ ಮೇಲೆ ಮುನಿಸಿಕೊಂಡು ಕೆಲಸ ಬಿಟ್ಟರು. ಸ್ಟುಡಿಯೊದವರು ಲೆನರ್ಡ್ ಸ್ಲೈ ಎಂಬ ಗಾಯಕನಿಗೆ ರಾಯ್ ರಾಜರ್ಸ್ ಅಂತ ಹೆಸರಿಟ್ಟು ಕುದುರೆ ಹತ್ತಿಸಿದರು. ಹುಟ್ಟಿದ್ದು ಸಿನ್ಸಿನಾಟಿ ನಗರದಲ್ಲಿ, ಕೌಬಾಯ್‌ಗಳ ಸೀಮೆಯಲ್ಲಲ್ಲ; ಇರಲಿ, ಕಂಠ ಚೆನ್ನಾಗಿತ್ತಲ್ಲ. ಆಟ್ರಿ ರಾಜಿಯಾಗಿ ವಾಪಸ್ ಬಂದರು. ರಾಜರ್ಸ್ ಕುದುರೆ ಇಳಿಯಲಿಲ್ಲ. ಒಂದೇ ಸ್ಟುಡಿಯೊದಲ್ಲಿ ಇಬ್ಬರು ಹಾಡುವ ಕೌಬಾಯ್‌ಗಳು. ಪಾಪ, ವಿಲನ್‌ಗಳ ಪಾಡು ನೋಡಿ: ಏಟೂ ತಿನ್ನಬೇಕು, ಹಾಡೂ ಕೇಳಬೇಕು.