ನೋಡಿದ್ದಾಯ್ತು

ಗುರುವಾರ ರಾತ್ರಿ ಊಟ ಆದಮೇಲೆ ನಮ್ಮ ಮನೆಯಲ್ಲಿ ಒಂದು ಸಭೆ ಸೇರುತ್ತದೆ. ವಿಷಯ ಒಂದೇ. ಶನಿವಾರ-ಭಾನುವಾರ ಎಲ್ಲಿಗೆ ಹೋಗೋದು? ನಾನು ಒಂದು ಊರಿನ ಹೆಸರು ಹೇಳುತ್ತೇನೆ. ಮಗಳು ಫೋನಿನಿಂದ ತಲೆ ಎತ್ತದೆ 'ನೋಡಿದ್ದಾಯ್ತು' ಅನ್ನುತ್ತಾಳೆ. ಶ್ರೀರಂಗಪಟ್ಟಣ? ನೋಡಿದ್ದಾಯ್ತು. ಮೇಲುಕೋಟೆ? ನೋಡಿದ್ದಾಯ್ತು. ಚಿತ್ರದುರ್ಗ? ಅದು ಎರಡು ಸಲ ಆಯ್ತಲ್ಲಪ್ಪ. ಏಳು ಸುತ್ತಿನ ಕೋಟೆಯನ್ನು ಹೈದರಾಲಿಯೂ ಇಷ್ಟು ಸುಲಭವಾಗಿ ಗೆದ್ದಿರಲಿಲ್ಲ. ಹೀಗೆ ಅರ್ಧ ಗಂಟೆಯಲ್ಲಿ ಗಂಗರು, ಹೊಯ್ಸಳರು, ದುರ್ಗದ ನಾಯಕರು, ಮೈಸೂರಿನ ಅರಸರು ಎಲ್ಲರೂ ಸಾಲಾಗಿ ಸೋತು ಹೋಗುತ್ತಾರೆ. ಕೊನೆಗೆ ಮಾಲ್ ಗೆಲ್ಲುತ್ತದೆ.

ಮಗಳನ್ನು ಬೈಯೋ ಹಾಗಿಲ್ಲ. ಆ ಮಾತು ಅವಳು ಕಲಿತದ್ದೇ ನನ್ನಿಂದ. ಯಾರಾದರೂ ಬೇಲೂರಿನ ಸುದ್ದಿ ತೆಗೆದರೆ 'ಓ, ನೋಡಿದ್ದೀನಲ್ಲ' ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದವನು ನಾನು. ನೋಡಿದ್ದು ಯಾವಾಗ? ಆರನೇ ಕ್ಲಾಸಿನಲ್ಲಿ, ಸ್ಕೂಲ್ ಟ್ರಿಪ್ಪಿನಲ್ಲಿ. ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಒಂದೇ ದಿನಕ್ಕೆ ಮೂರು. ಈ ರಾಜ್ಯದಲ್ಲಿ ಶಾಲೆಗೆ ಹೋದವರು ಯಾರೂ ಈ ಪ್ಯಾಕೇಜಿನಿಂದ ತಪ್ಪಿಸಿಕೊಂಡಿಲ್ಲ ಅಂತ ಕಾಣುತ್ತೆ.

ಆ ದಿನದಲ್ಲಿ ನನಗೆ ನೆನಪಿರೋದು ಇಷ್ಟು. ಬಸ್ಸಿನಲ್ಲಿ ವಾಂತಿ ಆಗದಿರಲಿ ಅಂತ ಮೂಗಿಗೆ ಹಿಡಿದುಕೊಂಡಿದ್ದ ನಿಂಬೆಹಣ್ಣು. ಆದರೂ ಆದ ವಾಂತಿ. ವಿಂಧ್ಯಗಿರಿಯ ಆರುನೂರು ಚಿಲ್ಲರೆ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವಾಗ ಚುರುಗುಟ್ಟಿದ ಬಂಡೆ. ಮೇಲೆ 58 ಅಡಿ ಎತ್ತರದ ಗೊಮ್ಮಟ ನಿಂತಿದ್ದ, ನಾನು ಅವನ ಪಾದದ ಹತ್ತಿರ ಒಂದು ಚೂರು ನೆರಳು ಹುಡುಕುತ್ತಿದ್ದೆ. ಬೇಲೂರಿನಲ್ಲಿ ಗೈಡ್ 42 ಮದನಿಕೆಯರು ಇದ್ದಾರೆ ಅಂದರು. ನಾವು ನಾಲ್ಕು ಹುಡುಗರು ಎಣಿಸೋಕೆ ಶುರು ಮಾಡಿದೆವು. ಒಂಬತ್ತಕ್ಕೆ ಬಂದಾಗ ಪಿಟಿ ಮೇಷ್ಟ್ರು ಸೀಟಿ ಊದಿದರು. ಅಲ್ಲಿಗೆ ಹೊಯ್ಸಳ ಶಿಲ್ಪಕಲೆ ಮುಗಿಯಿತು. ಮರುದಿನ 'ನಾನು ಮಾಡಿದ ಪ್ರವಾಸ' ಅಂತ ಪ್ರಬಂಧ ಬರೆಸಿದರು. ಪಕ್ಕದವನದ್ದು ನೋಡಿ ಬರೆದೆ. ಹತ್ತಕ್ಕೆ ಎಂಟು ಬಂತು.

ಎಷ್ಟೋ ವರ್ಷ ಆದಮೇಲೆ ಗೊತ್ತಾಯ್ತು, 1117ರ ಆ ದೇವಸ್ಥಾನದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಬರೆದುಕೊಂಡಿದ್ದಾರೆ ಅಂತ. ದಾಸೋಜ, ಅವನ ಮಗ ಚಾವಣ, ಬಳ್ಳಿಗಾವಿಯಿಂದ ಬಂದವರು. ಸೋಮನಾಥಪುರಕ್ಕೆ ಹೋದರೆ ಅಲ್ಲಿ ಮಲ್ಲಿತಮ್ಮ ಅನ್ನೋನು ಮತ್ತೆ ಮತ್ತೆ ತನ್ನ ಹೆಸರು ಹಾಕಿದ್ದಾನೆ. ವಿಷ್ಣುವರ್ಧನನ ಹೆಸರು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ದಾಸೋಜನ ಹೆಸರನ್ನು ಅವನೇ ಬರೆದಿಟ್ಟು ಹೋಗಿದ್ದರೂ ಓದಿರಲಿಲ್ಲ. ಗೋಡೆ ಮೇಲೆ ಹೆಸರು ಬರೆಯೋ ಚಾಳಿ ಈಗಲೂ ಇದೆ ಬಿಡಿ. ದಾಸೋಜ ಕೆತ್ತಿ ಆದಮೇಲೆ ಬರೆದ, ಈಗಿನವರು ಹೃದಯದ ಚಿತ್ರ ಬರೆದು, ಬಾಣ ಚುಚ್ಚಿ, ಎರಡು ಕಡೆ ಎರಡು ಹೆಸರು ಬರೆದು ಹೋಗುತ್ತಾರೆ.

ಇನ್ನು ಹೊರಡೋ ಸಂಭ್ರಮ. 'ಬೆಳಗ್ಗೆ ಐದಕ್ಕೇ ಬಿಟ್ಟರೆ ಟ್ರಾಫಿಕ್ ಇರಲ್ಲ' ಅನ್ನೋದು ಬೆಂಗಳೂರಿನ ಪ್ರತಿಯೊಬ್ಬ ಗೃಹಸ್ಥ ಸ್ವಂತವಾಗಿ ಕಂಡುಹಿಡಿದ ಸತ್ಯ. ಹಾಗಾಗಿ ಶನಿವಾರ ಐದೂವರೆಗೆ ನೆಲಮಂಗಲದ ಹತ್ತಿರ ನಾವೆಲ್ಲ ಒಟ್ಟಿಗೆ ಸಿಗುತ್ತೇವೆ. ಇತ್ತ ನನ್ನ ಅಮ್ಮ ಮತ್ತು ಅವರ ಭಜನಾ ಮಂಡಳಿಯವರು 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಮಂಗಳವಾರ, ಬುಧವಾರ ಅಂತ ನೋಡದೆ ಹೊರಟುಬಿಡುತ್ತಾರೆ. ನಾವು ಕಾರಿನಲ್ಲಿ ನಿಂತಿರುವಾಗ ಅವರು ಬಸ್ಸಿನಲ್ಲಿ ಕೂತು ಹೋಗಿ ಬಂದಿರುತ್ತಾರೆ. ಧರ್ಮಸ್ಥಳ ಅವರಿಗೆ ಈಗ ತರಕಾರಿ ಮಾರ್ಕೆಟ್ಟಿನಷ್ಟೇ ದೂರ. ಅವರ್ಯಾರೂ 'ನೋಡಿದ್ದಾಯ್ತು' ಅನ್ನೋದಿಲ್ಲ. ದೇವರನ್ನು ಒಂದು ಸಲ ನೋಡಿ ಟಿಕ್ ಹಾಕೋಕೆ ಆಗುತ್ತಾ?

ನಾನು ಟಿಕ್ ಹಾಕೋ ಜಾತಿಯವನು. ಬಾದಾಮಿಗೆ ಹೊರಟಾಗ ಎಕ್ಸೆಲ್‌ನಲ್ಲೇ ಪ್ಲಾನ್ ಮಾಡಿದ್ದೆ. ಶುಕ್ರವಾರ ರಾತ್ರಿ ರೈಲು. ಶನಿವಾರ ಎಂಟೂವರೆಯಿಂದ ಹತ್ತೂವರೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಭಾನುವಾರ ಮಹಾಕೂಟ, ಬನಶಂಕರಿ, ರಾತ್ರಿ ವಾಪಸ್ ರೈಲು. ಐಹೊಳೆಯಲ್ಲಿ ನೂರಿಪ್ಪತ್ತಕ್ಕೂ ಜಾಸ್ತಿ ಗುಡಿಗಳಿವೆ. ನಾನು ಕೊಟ್ಟಿದ್ದು ಒಂದೂವರೆ ಗಂಟೆ. ಒಂದು ಗುಡಿಗೆ ಮುಕ್ಕಾಲು ನಿಮಿಷ. ಮಗಳು ಅಜ್ಜಿ ಮನೆಗೆ ಹೋಗಿದ್ದಳು, ಹಾಗಾಗಿ ತಡ ಮಾಡೋರು ಯಾರೂ ಇರಲಿಲ್ಲ.

ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್ ಆಚೆ ಇದೆ. ಟಂಟಂ ಹತ್ತಿ ಬಂದು, ಲಾಡ್ಜಿನಲ್ಲಿ ಮುಖ ತೊಳೆದು, ಎಂಟೂ ಇಪ್ಪತ್ತೈದಕ್ಕೆ ಗುಹೆಗಳ ಮುಂದೆ ನಿಂತಿದ್ದೆವು. ಐದು ನಿಮಿಷ ಲಾಭ. ಮೊದಲನೇ ಗುಹೆಯ ಹೊರಗೇ ಕುಣಿಯುವ ಶಿವ. ನನ್ನ ಹೆಂಡತಿ ಕೈ ಎಣಿಸಿದಳು, ಹದಿನಾರು. ನಾನು ಎಣಿಸಿದೆ, ಹದಿನೇಳು. ಪಕ್ಕದಲ್ಲಿದ್ದ ಯೂನಿಫಾರ್ಮಿನ ಹುಡುಗ ಆ ಕಡೆ ನೋಡದೆಯೇ 'ಹದಿನೆಂಟು ಅದಾವ್ರಿ' ಅಂದ. 'ಎಣಿಸಿದ್ಯೇನೋ?' ಅಂದೆ. 'ಇಲ್ರಿ, ಪಾಠದಾಗ ಐತಿ.' ನನ್ನದೇ ವಂಶ ಅನ್ನಿಸಿತು.

ಎರಡನೇ ಗುಹೆಗೆ ಹೋಗುವ ಮೆಟ್ಟಿಲಲ್ಲಿ ನನ್ನ ಹೆಗಲ ಮೇಲೆ ಯಾರೋ ಕೈ ಇಟ್ಟ ಹಾಗಾಯ್ತು. ಪರಿಚಯದವರೇನೋ ಅಂತ ತಿರುಗಿದೆ. ಮಂಗ. ತುಂಬಾ ಮೆತ್ತಗೆ, ಕಣ್ಣಾಸ್ಪತ್ರೆಯ ನರ್ಸಿನ ಹಾಗೆ, ನನ್ನ ಕನ್ನಡಕ ತೆಗೆದುಕೊಂಡು ಬಂಡೆ ಹತ್ತಿತು. ಅಷ್ಟು ನನಗೆ ಕಂಡಿದ್ದು. ಆಮೇಲಿನದೆಲ್ಲ ಹೆಂಡತಿ ಹೇಳಿದ್ದು. ನನ್ನ ಪವರ್ ಮೈನಸ್ ಐದು. ಕನ್ನಡಕ ತೆಗೆದರೆ ಎದುರಿಗಿದ್ದವರು ಗಂಡೋ ಹೆಣ್ಣೋ ಅನ್ನೋದೂ ಅಂದಾಜಿನ ಮೇಲೆಯೇ.

ಕಾವಲಿನವರು ಬಂದರು. 'ಬಾಳೆಹಣ್ ಕೊಡ್ರಿ ಸರ, ಬಿಡತೈತಿ' ಅಂದರು. ಹೆಂಡತಿ ಬ್ಯಾಗಿನಿಂದ ಹಣ್ಣು ತೆಗೆದು ಎಸೆದಳು. ಮಂಗ ಅದನ್ನು ಇನ್ನೊಂದು ಕೈಯಲ್ಲಿ ಹಿಡಿಯಿತು. ಮಂಗನಿಗೆ ಎರಡು ಕೈ ಇರುತ್ತೆ ಅನ್ನೋದನ್ನು ನಾವ್ಯಾರೂ ಲೆಕ್ಕ ಹಾಕಿರಲಿಲ್ಲ. ಹಣ್ಣು ತಿಂದು, ಕನ್ನಡಕದ ಕಡ್ಡಿ ಕಡಿದು, ರುಚಿ ಸಾಲದೆ ಬಂಡೆಯ ಬಿರುಕಿಗೆ ಬಿಸಾಡಿ ಹೋಯಿತಂತೆ. ಇನ್ನೊಂದು ಕನ್ನಡಕ ಯಾಕೆ ಇಟ್ಟುಕೊಳ್ಳಲಿಲ್ಲ ಅನ್ನೋ ವಿಚಾರಣೆ ಅಲ್ಲೇ ಮೆಟ್ಟಿಲ ಮೇಲೆ ನಡೆಯಿತು. ಅದು ಬೇಡ ಬಿಡಿ. ಊರಿನ ಕನ್ನಡಕದ ಅಂಗಡಿಗೆ ಫೋನ್ ಮಾಡಿದರೆ ಈ ಪವರ್ ಗ್ಲಾಸ್ ಸೋಮವಾರ ಬರುತ್ತೆ ಅಂದರು. ಸೋಮವಾರ ನಾನು ಆಫೀಸಿನಲ್ಲಿರಬೇಕು.

ಕಾರಿನವನಿಗೆ ಬೇಡ ಅಂದೆವು. ನೂರಿಪ್ಪತ್ತು ಗುಡಿಗಳನ್ನು ಮಬ್ಬಾಗಿ ನೋಡಿ ಏನು ಮಾಡೋದು? ಎಕ್ಸೆಲ್ ಶೀಟು ಅಲ್ಲಿಗೆ ಸತ್ತಿತು. ಎರಡು ದಿನ ಪೂರ್ತಿ ಕೈಯಲ್ಲಿತ್ತು, ಊರು ಒಂದೇ ಇತ್ತು.

ದೂರ ಕಾಣದವರಿಗೆ ದೇವರು ಒಂದು ಅನುಕೂಲ ಕೊಟ್ಟಿದ್ದಾನೆ. ಒಂದು ಗೇಣಿನ ಒಳಗೆ ಬಂದದ್ದು ಕನ್ನಡಕ ಇಲ್ಲದೆಯೂ ಸ್ಪಷ್ಟವಾಗಿ ಕಾಣುತ್ತೆ. ಮೂರನೇ ಗುಹೆ ಬಾದಾಮಿಯಲ್ಲಿ ಎಲ್ಲಕ್ಕಿಂತ ದೊಡ್ಡದು. 578ರಲ್ಲಿ ಮಂಗಳೇಶ ಮಾಡಿಸಿದ್ದು, ಅಲ್ಲಿಯ ಶಾಸನದಲ್ಲೇ ಅದು ಇದೆ. ಎಲ್ಲರೂ ಒಳಗೆ ನಿಂತು ತಲೆ ಎತ್ತಿ ವಿಷ್ಣುವನ್ನು, ನರಸಿಂಹನನ್ನು, ತ್ರಿವಿಕ್ರಮನನ್ನು ನೋಡುತ್ತಿದ್ದರು. ನನಗೆ ಅವೆಲ್ಲ ಕೆಂಪು ಕತ್ತಲೆ. ನಾನು ಒಂದು ಮೂಲೆಯ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಮರಳುಗಲ್ಲು ಪದರ ಪದರವಾಗಿತ್ತು. ಒಂದು ಪದರ ಇಟ್ಟಿಗೆ ಬಣ್ಣ, ಕೆಳಗಿನದು ಬಿಳಚಿಕೊಂಡ ಗುಲಾಬಿ, ಅದರ ಕೆಳಗೆ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ನಯ ಮಾಡದೆ ಬಿಟ್ಟ ಒಂದು ಜಾಗದಲ್ಲಿ ಉಳಿಯ ಗೆರೆಗಳು ಇನ್ನೂ ಇದ್ದವು. ಎಲ್ಲ ಎಡಕ್ಕೆ ವಾಲಿದ್ದವು, ಮಳೆ ಗಾಳಿಗೆ ಓರೆಯಾದ ಹಾಗೆ. ಒಂದು ಮೊಳ ಆಚೆ ಅವು ಬಲಕ್ಕೆ ವಾಲಿದ್ದವು. ಇಬ್ಬರು ಕೆಲಸಗಾರರೋ? ಅಥವಾ ಒಬ್ಬನೇ, ತೋಳು ಸೋತು ಕೈ ಬದಲಿಸಿದನೋ? ನಡುವೆ ಒಂದು ಕಡೆ ಏಟು ಜೋರಾಗಿ ಬಿದ್ದು ಕಲ್ಲು ಚಕ್ಕೆ ಎದ್ದಿತ್ತು. ಯಾರೋ ಕರೆದಿರಬೇಕು, ತಿರುಗಿ ನೋಡಿರಬೇಕು. ನಾನು ಎಷ್ಟು ಹೊತ್ತು ನಿಂತಿದ್ದೆನೋ, ಕಾವಲಿನವರು ಮತ್ತೆ ಬಂದರು. 'ಏನ್ ಹುಡುಕಾಕತ್ತೀರಿ ಸರ? ಚಷ್ಮಾ ಆ ಕಡೆ ಬಿದ್ದೈತ್ರಿ.'

ಸಂಜೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತೆವು. ಕೆರೆಯ ಆ ತುದಿಯಲ್ಲಿ ಭೂತನಾಥನ ಗುಡಿ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ನನಗೆ ಅದು ನೀರಿಗೆ ಬಿದ್ದ ಒಂದು ಬೆಲ್ಲದಚ್ಚಿನ ಹಾಗೆ ಕಂಡಿತು. ಮರುದಿನ ಬೆಳಗ್ಗೆಯೂ ಅಲ್ಲೇ ಕೂತೆವು. ಹೋಗೋದಾದರೂ ಎಲ್ಲಿಗೆ? ಬೆಳಗ್ಗೆ ಆ ಮೆಟ್ಟಿಲು ಪೂರ್ತಿ ಬಟ್ಟೆ ಒಗೆಯೋ ಹೆಂಗಸರದು. ಕಣ್ಣಿಗೆ ಕೆಲಸ ಇರಲಿಲ್ಲವಲ್ಲ, ಕಿವಿ ಚುರುಕಾಗಿತ್ತು. ಬಟ್ಟೆ ಕಲ್ಲಿಗೆ ಬಡಿದ ಸದ್ದು 'ಧಪ್'. ಆ ಸದ್ದು ಕೆರೆ ದಾಟಿ, ಎದುರಿನ ಬಂಡೆಗೆ ತಾಗಿ, ಇನ್ನೊಂದು 'ಧಪ್' ಆಗಿ ವಾಪಸ್ ಬರುತ್ತೆ. ಹತ್ತು ಜನ ಒಗೆಯುತ್ತಿದ್ದರೆ ಆಚೆ ದಡದಲ್ಲಿ ಇನ್ನೂ ಹತ್ತು ಜನ ಒಗೆಯುತ್ತಿದ್ದಾರೆ ಅನ್ನಿಸುತ್ತೆ. ಆ ಇನ್ನೊಂದು ಗುಂಪು ಯಾವಾಗಲೂ ಒಂದು ಏಟು ಹಿಂದೆ.

ನಾನು ಸುಮ್ನೆ ಆ ಕಡೆ ಮುಖ ಮಾಡಿ ಕೂತಿದ್ದು ಒಬ್ಬ ಅಜ್ಜಿಗೆ ಸರಿಬರಲಿಲ್ಲ. 'ಏನ್ ನೋಡಾಕತ್ತೀಯಪಾ?' ಅಂದರು, ಸ್ವಲ್ಪ ಬಿರುಸಾಗಿಯೇ. 'ಏನೂ ಕಾಣಲ್ಲಮ್ಮ, ಕನ್ನಡಕ ಮಂಗ ಒಯ್ತು' ಅಂದೆ. ಒಂದು ಕ್ಷಣ ಬಡಿಯೋದು ನಿಂತಿತು. ಆಮೇಲೆ ಇಡೀ ಸಾಲು ನಕ್ಕಿತು. ಆ ನಗುವೂ ಬಂಡೆಗೆ ತಾಗಿ ವಾಪಸ್ ಬಂತು, ಎರಡು ಸಲ ನಗಿಸಿಕೊಂಡ ಹಾಗಾಯ್ತು. 'ನಮ್ಮ ಮೊಮ್ಮಗನ ಹೊಸಾ ಚಡ್ಡಿ ಒಯ್ದಾವಪಾ, ನಿನ್ನ ಚಷ್ಮಾ ಯಾವ ಲೆಕ್ಕ' ಅಂತ ಅಜ್ಜಿ ಸಮಾಧಾನ ಹೇಳಿದರು. ಮಂಗಗಳಿಗೆ ಪಾಪ ತಟ್ಟೋದಿಲ್ಲವಂತೆ. 'ಅವು ನಮಗಿಂತ ಮುಂಚಿನವು' ಅಂದರು. ಮೊದಲನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದು 543ರಲ್ಲಿ. ಅಜ್ಜಿ ಹೇಳಿದ್ದು ನಿಜವೇ ಇರಬೇಕು.

ಆ ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರದ್ದು. ಕನ್ನಡದಲ್ಲಿ ಸಿಕ್ಕಿರೋ ಅತಿ ಹಳೆಯ ತ್ರಿಪದಿ ಅದರಲ್ಲಿದೆ. ಹೆಂಡತಿ ಕೈ ಹಿಡಿದು ಕರೆದುಕೊಂಡು ಹೋದಳು. ಬಂಡೆ ಕಂಡಿತು, ಅಕ್ಷರ ಕಾಣಲಿಲ್ಲ. ಕಂಡಿದ್ದರೂ ಆ ಲಿಪಿ ನನಗೆ ಬರೋದಿಲ್ಲ, ಆ ಮಾತು ಬೇರೆ. ಅವಳು ಫೋನಿನಲ್ಲಿ ಹುಡುಕಿ ಜೋರಾಗಿ ಓದಿದಳು. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್.' ಒಳ್ಳೆಯವರಿಗೆ ಒಳ್ಳೆಯವನು, ಪ್ರೀತಿಯಿಂದ ಬಂದವರಿಗೆ ಪ್ರೀತಿಯವನು, ತೊಂದರೆ ಕೊಟ್ಟವರಿಗೆ ಮಾತ್ರ ಕಲಿಯುಗಕ್ಕೂ ಮೀರಿದವನು. ಪರೀಕ್ಷೆಗೆ ಇದನ್ನೂ ಬಾಯಿಪಾಠ ಮಾಡಿದ್ದೆ. ಬಯಲಿನಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. 'ನಿನ್ನೆ ಆ ಮಂಗನಿಗೆ ಬಾಳೆಹಣ್ಣು ಕೊಟ್ಟವರು ನಾವು' ಅಂತ ಅವಳು ನೆನಪಿಸಿದಳು.

ಸಂಜೆ ಗುಹೆಗಳ ಗೇಟು ಹಾಕಿದ ಮೇಲೆ ಬಸ್ಸು, ಟಿಟಿಗಳು ಹೊರಟುಹೋಗುತ್ತವೆ. ಆಗ ಊರು ತನ್ನ ಪಾಡಿಗೆ ತಾನು ಇರುತ್ತೆ. ಗುಹೆಗೆ ಬೆನ್ನು ಹಾಕಿ ಈರುಳ್ಳಿ ರೇಟು ಮಾತಾಡುತ್ತೆ. ಎರಡೂ ರಾತ್ರಿ ಒಂದೇ ಖಾನಾವಳಿಯಲ್ಲಿ ಊಟ ಮಾಡಿದೆವು, ಭಾನುವಾರ ರೈಲಿಗೆ ಹೋಗೋ ಮುಂಚೆ ಕೂಡ. ಒಳಗಿನಿಂದ ರೊಟ್ಟಿ ಬಡಿಯೋ ಸದ್ದು ಬರುತ್ತಿತ್ತು. ಈ ಊರಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಯಾರಾದರೊಬ್ಬರು ಏನನ್ನಾದರೂ ಬಡಿಯುತ್ತಲೇ ಇರುತ್ತಾರೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಟ್ಟೆಗೆ ಬಂದವು. ತಟ್ಟೆ ಗೇಣಿನ ಒಳಗೇ ಇರೋದರಿಂದ ಅದನ್ನು ಮಾತ್ರ ಪೂರ್ತಿ ಸ್ಪಷ್ಟವಾಗಿ ನೋಡಿದೆ.

ಮಂಗಳವಾರ ಆಫೀಸಿಗೆ ಹೋದೆ. ಕನ್ನಡಕ ಮಾಡಿಸೋಕೆ ಸೋಮವಾರ ರಜೆ ಹಾಕಬೇಕಾಯ್ತು. 'ಪಟ್ಟದಕಲ್ಲು ನೋಡಿದ್ರಾ? ಐಹೊಳೆ?' ಅಂತ ಪಕ್ಕದ ಸೀಟಿನವರು ಕೇಳಿದರು. ಇಲ್ಲ ಅಂದೆ. 'ಮತ್ತೆ ಎರಡು ದಿನ ಏನ್ ಮಾಡಿದ್ರಿ?' ಬಟ್ಟೆ ಒಗೆಯೋದು ಕೇಳಿಸಿಕೊಂಡೆ ಅಂತ ಹೇಗೆ ಹೇಳೋದು? 'ಮಂಗ' ಅಂದೆ. ಅವರಿಗೆ ಅಷ್ಟು ಸಾಕಾಯ್ತು.

ಹೆಂಡತಿ ಆ ಎರಡು ದಿನದಲ್ಲಿ 212 ಫೋಟೋ ತೆಗೆದಿದ್ದಾಳೆ. ಹೊಸ ಕನ್ನಡಕ ಬಂದಮೇಲೆ ನಿಧಾನವಾಗಿ ನೋಡಿ ಅಂತ ನನ್ನ ಫೋನಿಗೂ ಕಳಿಸಿದಳು. ಕನ್ನಡಕ ಬಂದು ಮೂರು ತಿಂಗಳಾಯ್ತು. ಫೋಟೋಗಳನ್ನು ಇನ್ನೂ ತೆರೆದಿಲ್ಲ.