ಸಂಜೆ ಮೂರೂವರೆಗೆ ಬೆಂಕಿ ಬೀಳುತ್ತದೆ, ಚಹಾ ಕುಡಿದು ಬನ್ನಿ

ನಾನು ನೀರಿಗೆ ಬಿದ್ದರೆ ಬದುಕುತ್ತೇನೆ ಎಂಬ ನಂಬಿಕೆ ಸರ್ಕಾರಕ್ಕೆ ಐದು ವರ್ಷ ಮಾತ್ರ ಇರುತ್ತದೆ. ಅದು ಮುಗಿದ ಮರುದಿನ ಬೆಳಿಗ್ಗೆ ನಾನು ಕಲ್ಲುಗುಂಡು. ಸೀದಾ ತಳಕ್ಕೆ. ಮತ್ತೆ ತೇಲಬೇಕಾದರೆ ಮುಂಬೈಗೆ ಹೋಗಿ, ಫೀಸು ಕಟ್ಟಿ, ಈಜುಕೊಳಕ್ಕೆ ಹಾರಿ, ಹೊಸ ಸರ್ಟಿಫಿಕೇಟ್ ತರಬೇಕು.

ಇದನ್ನು ಅಮ್ಮನಿಗೆ ತಿಳಿಸಿ ಹೇಳುವುದು ಕಷ್ಟ. ನಮ್ಮ ಮನೆ ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ದಂಡೆಯಲ್ಲಿ. ನಡೆಯಲು ಕಲಿತದ್ದು ಮೊದಲೋ ಈಜಲು ಕಲಿತದ್ದು ಮೊದಲೋ ಎಂದು ಮನೆಯಲ್ಲಿ ಈಗಲೂ ಜಗಳ ಇದೆ. ರಜೆಯಲ್ಲಿ ಬಂದವನು ಮತ್ತೆ ಬ್ಯಾಗು ತುಂಬುವುದನ್ನು ನೋಡಿ ಅಮ್ಮ ಕೇಳಿದಳು, "ಎಲ್ಲಿಗೆ?" ನೀರಿಗೆ ಹಾರುವುದನ್ನು ಕಲಿಯಲು ಎಂದೆ. ಹದಿನೆಂಟು ವರ್ಷದಿಂದ ಹಡಗಿನಲ್ಲಿರುವ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಐದೊರ್ಷಕ್ಕೊಂದ್ ಸಲ ಈಜು ಮರ್ತ್ ಹೋತ್ತಾ ಮಗಾ?"

ಈಜು ಅಲ್ಲಮ್ಮ, ರಿಫ್ರೆಶರ್ ಕೋರ್ಸು. ಎಸ್‌ಟಿಸಿಡಬ್ಲ್ಯು ಎಂಬ ಅಂತಾರಾಷ್ಟ್ರೀಯ ಒಪ್ಪಂದ ಇದೆ, 1978ರದ್ದು. 1995ರಲ್ಲಿ ತಿದ್ದಿದರು, 2010ರಲ್ಲಿ ಮನಿಲಾದಲ್ಲಿ ಕೂತು ಮತ್ತೆ ತಿದ್ದಿದರು. ಹಡಗು ಹತ್ತುವ ಪ್ರತಿಯೊಬ್ಬನೂ ನೀರಿನಲ್ಲಿ ಬದುಕುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಕಲಿತಿರಬೇಕು. ಅದರಲ್ಲಿ ನೀರು ಮತ್ತು ಬೆಂಕಿ ಐದು ವರ್ಷಕ್ಕೊಮ್ಮೆ ಹಳಸುತ್ತವೆ. ಹೇಗೆ ನಡೆದುಕೊಳ್ಳಬೇಕು ಎಂಬುದಾದರೋ ಒಮ್ಮೆ ಕಲಿತರೆ ಜೀವಮಾನಕ್ಕೆ ಸಾಕು. ನಮ್ಮ ಕೆಲವು ಕ್ಯಾಪ್ಟನ್‌ಗಳನ್ನು ನೋಡಿದವರು ಇದನ್ನು ಉಲ್ಟಾ ಮಾಡುತ್ತಿದ್ದರು.

ಸಂಸ್ಥೆಯ ಹೆಸರು ಬೇಡ. ಬ್ಯಾಚಿನಲ್ಲಿ ಇಪ್ಪತ್ನಾಲ್ಕು ಜನ. ಕೊಳದ ನೀರು ಬೆಚ್ಚಗಿತ್ತು, ಆಳವಿಲ್ಲದ ಕಡೆ ಎದೆ ಮಟ್ಟ. ಅದೇ ನಮ್ಮ ಅಟ್ಲಾಂಟಿಕ್ ಸಾಗರ. ಒಂದು ಕೈಯಲ್ಲಿ ಲೈಫ್ ಜಾಕೆಟ್ ಒತ್ತಿ ಹಿಡಿ, ಇನ್ನೊಂದರಲ್ಲಿ ಮೂಗು ಮುಚ್ಚು, ನೇರ ನೋಡು, ಒಂದು ಹೆಜ್ಜೆ ಮುಂದಿಡು. ಇಷ್ಟನ್ನು ಎಲ್ಲರೂ ಮಾಡಿದೆವು. ಆಮೇಲೆ ಮಗುಚಿದ ಲೈಫ್ ರಾಫ್ಟ್, ಅಂದರೆ ಗಾಳಿ ತುಂಬಿದ ತೆಪ್ಪ, ನೆಟ್ಟಗೆ ಮಾಡುವ ಪಾಠ. ಇದು ನಿಜಕ್ಕೂ ಗೊತ್ತಿರಬೇಕಾದ ಕೆಲಸ. ಗ್ಯಾಸ್ ಸಿಲಿಂಡರ್ ಇರುವ ಬದಿಗೆ ಹತ್ತಿ ನಿಂತು, ತಳದ ಪಟ್ಟಿ ಹಿಡಿದು, ಇಡೀ ಮೈಭಾರ ಹಾಕಿ ಹಿಂದಕ್ಕೆ ವಾಲಬೇಕು. ರಾಫ್ಟ್ ತಲೆ ಮೇಲೇ ಬೀಳುತ್ತದೆ. ಹೆದರಿ ಅಡಿಯಲ್ಲೇ ಉಳಿದರೆ ಕತೆ ಮುಗಿಯಿತು, ಹೊರಗೆ ಬರುವ ಉಪಾಯವೂ ಗೊತ್ತಿರಬೇಕು.

ನಾಲ್ಕು ಜನ ಮಾಡಿದರು. ಅಷ್ಟರಲ್ಲಿ ಮುಂದಿನ ಬ್ಯಾಚು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಿಂತಿತು. ಉಳಿದ ಇಪ್ಪತ್ತು ಜನ ನೋಡಿದೆವು. ಸರ್ಟಿಫಿಕೇಟ್‌ನಲ್ಲಿ ಇಪ್ಪತ್ನಾಲ್ಕೂ ಜನ ಮಾಡಿ ತೋರಿಸಿದ್ದೇವೆ.

ಮರುದಿನ ಬೆಂಕಿ. ಕಬ್ಬಿಣದ ಟ್ರೇಯಲ್ಲಿ ಡೀಸೆಲ್ ಸುರಿದು ಹಚ್ಚಿದರು. ನಮ್ಮೂರ ಮದುವೆ ಅಡುಗೆಯ ಒಲೆಯ ಬೆಂಕಿ ಅದಕ್ಕಿಂತ ದೊಡ್ಡದು. ಒಬ್ಬೊಬ್ಬರಾಗಿ ಹೋಗಿ ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆದು ಐದು ಸೆಕೆಂಡು ಬುಸ್ ಅನ್ನಿಸಿ ಬಂದೆವು. ಹತ್ತನೆಯವನ ಸರದಿ ಬರುವಾಗ ಸಿಲಿಂಡರ್ ಖಾಲಿ. ಅವನು ಖಾಲಿ ಸಿಲಿಂಡರ್ ಹಿಡಿದೇ ಆ ಕಡೆ ಈ ಕಡೆ ಬೀಸಿದ. ಬೆಂಕಿ ತಾನಾಗಿ ಆರಿತು. ಅವನೂ ಪಾಸು.

ಪಾಠ ಹೇಳಿದವರು ಒಳ್ಳೆಯವರು, ಹಳೇ ಇಂಜಿನಿಯರ್. "ಏನು ಉರಿಯುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಯಾವುದರಿಂದ ಆರಿಸಬೇಕು ಅಂತ ನೋಡಿ" ಅಂದರು. 2025ರ ಜೂನ್ 9ರಂದು ಕೇರಳದಾಚೆ ಸಮುದ್ರದಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ ನಾನು ರಜೆಯಲ್ಲಿದ್ದೆ. ಇಪ್ಪತ್ತೆರಡು ಜನರಲ್ಲಿ ಹದಿನೆಂಟು ಜನರನ್ನು ಕಾಪಾಡಿ ನಮ್ಮ ಮಂಗಳೂರಿಗೇ ಕರೆತಂದರು. ನಾಲ್ವರು ಸಿಗಲಿಲ್ಲ. ಬೆಂಕಿ ದಿನಗಟ್ಟಲೆ ಉರಿಯಿತು. ಅದನ್ನು ಟಿವಿಯಲ್ಲಿ ನೋಡಿದವನಿಗೆ ಡೀಸೆಲ್ ಟ್ರೇ ಮುಂದೆ ನಿಲ್ಲಲು ಸ್ವಲ್ಪ ನಾಚಿಕೆಯಾಗುತ್ತದೆ. ಆ ಹಡಗಿನ ಮಾತು ಬಿಡಿ. ಒಟ್ಟಾರೆ ಕಂಟೇನರ್ ವ್ಯಾಪಾರದಲ್ಲಿ ಬಾಡಿಗೆ ಉಳಿಸಲು ಒಳಗೊಂದು ತುಂಬಿ ಕಾಗದದಲ್ಲಿ ಇನ್ನೊಂದು ಬರೆಯುವುದು ಹಳೇ ಕಾಯಿಲೆ. ಏನು ಉರಿಯುತ್ತಿದೆ ಎಂದು ತಿಳಿಯಬೇಕಾದರೆ ಆ ಕಾಗದವನ್ನೇ ನೋಡಬೇಕು. ಅದನ್ನು ಕೇಳಿದೆ. ಮೇಷ್ಟ್ರು ನಕ್ಕು, "ಅದು ಸಿಲೆಬಸ್ಸಿನಲ್ಲಿ ಇಲ್ಲ" ಅಂದರು.

ಕೊನೆಗೆ ಅಭಿಪ್ರಾಯದ ಫಾರಂ. ತರಬೇತಿ ಹೇಗಿತ್ತು? ಎಲ್ಲದಕ್ಕೂ 'ಅತ್ಯುತ್ತಮ' ಎಂದು ಟಿಕ್ ಹಾಕಿದೆವು. ಊಟಕ್ಕೂ ಹಾಕಿದೆವು. ಸರ್ಟಿಫಿಕೇಟ್ ಕೈಗೆ ಬಂದಿರಲಿಲ್ಲ ನೋಡಿ.

ಕಾಗದ ಸರಿ ಇದ್ದರೆ ಹಡಗು ಸರಿ ಎಂಬ ನಂಬಿಕೆ ನಮ್ಮ ಕಾಲದ್ದಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಸುಮಾರು 2,200 ಜನ ಇದ್ದರು, ಲೈಫ್ ಬೋಟುಗಳಲ್ಲಿ ಜಾಗ ಇದ್ದದ್ದು 1,178 ಜನರಿಗೆ. ಇದು ಎಲ್ಲರಿಗೂ ಗೊತ್ತು. ಆದರೆ ಆ ಕಾಲದ ಬ್ರಿಟಿಷ್ ಕಾನೂನು ಕೇಳಿದ್ದು 962 ಜನರಿಗೆ ಜಾಗ ಅಷ್ಟೇ. ಅಂದರೆ ಟೈಟಾನಿಕ್ ಕಾನೂನಿಗಿಂತ ಜಾಸ್ತಿಯೇ ಬೋಟು ಇಟ್ಟುಕೊಂಡಿತ್ತು. ಯಾವ ಇನ್ಸ್‌ಪೆಕ್ಟರ್ ಬಂದಿದ್ದರೂ ಬೆನ್ನು ತಟ್ಟಿ ಹೋಗುತ್ತಿದ್ದ. ಈಗಿನ ಲೈಫ್ ಬೋಟಿನಲ್ಲಿ ಎಲ್ಲರಿಗೂ ಜಾಗ ಇದೆ. ತಲೆಗೆ ಮೂರು ಲೀಟರ್ ನೀರು, 10,000 ಕಿಲೋಜೌಲ್ ಬಿಸ್ಕತ್ತು, ವಾಂತಿ ಮಾತ್ರೆ, ಜೊತೆಗೆ ಮೀನು ಹಿಡಿಯಲು ಗಾಳದ ಸೆಟ್ಟು. ಇಡೀ ನಿಯಮ ಪುಸ್ತಕದಲ್ಲಿ ಅಮ್ಮನಿಗೆ ಹಿಡಿಸಿದ್ದು ಈ ಗಾಳ ಒಂದೇ. ಬರೆದವರು ನಮ್ಮ ಕಡೆಯವರೇ ಇರಬೇಕು ಅಂದಳು.

ಈ ಲೈಫ್ ಬೋಟಿನದು ಇನ್ನೊಂದು ಕತೆ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ 2001ರಲ್ಲಿ ಲೆಕ್ಕ ತೆಗೆಯಿತು. ಹತ್ತು ವರ್ಷದಲ್ಲಿ ಲೈಫ್ ಬೋಟು ಮತ್ತು ಅದನ್ನು ಇಳಿಸುವ ಯಂತ್ರಗಳಿಂದ 12 ನಾವಿಕರು ಸತ್ತಿದ್ದರು. ಹಡಗು ಮುಳುಗುವಾಗ ಅಲ್ಲ, ಡ್ರಿಲ್ ಮತ್ತು ಪರೀಕ್ಷೆ ಮಾಡುವಾಗ. ಜೀವ ಉಳಿಸುವ ಅಭ್ಯಾಸದಲ್ಲೇ ಜೀವ ಹೋಗುತ್ತಿದೆ ಎಂದಾದ ಮೇಲೆ ಎಲ್ಲರೂ ಹುಷಾರಾದರು. ಹಿಂಬದಿಯಿಂದ ನೇರ ಸಮುದ್ರಕ್ಕೆ ಜಿಗಿಯುವ ಬೋಟುಗಳಿಗೆ ಈಗ 'ಬಿಟ್ಟ ಹಾಗೆ ಮಾಡುವ' ಅಭ್ಯಾಸವೂ ನಡೆಯುತ್ತದೆ. ಒಳಗೆ ಕೂತು ಬೆಲ್ಟ್ ಬಿಗಿದು, ಹುಕ್ಕು ಬಿಡಿಸಿದರೆ ಬೋಟು ಒಂದು ಗೇಣು ಜಾರಿ ನಿಲ್ಲುತ್ತದೆ. ನಾವು ಸಮುದ್ರಕ್ಕೆ ಬಿದ್ದವರ ಹಾಗೆ ಮುಖ ಮಾಡಿಕೊಂಡು ಇಳಿದು ಬರುತ್ತೇವೆ. ತಪ್ಪೇನಿಲ್ಲ, ಸಾಯುವುದಕ್ಕಿಂತ ಒಳ್ಳೆಯದಲ್ವಾ.

ಇನ್ನು ಶನಿವಾರದ ಡ್ರಿಲ್. ಪ್ರತಿಯೊಬ್ಬ ನಾವಿಕನೂ ತಿಂಗಳಿಗೆ ಒಂದು ಬೆಂಕಿ ಡ್ರಿಲ್, ಒಂದು ಹಡಗು ಬಿಟ್ಟು ಪಾರಾಗುವ ಡ್ರಿಲ್ ಮಾಡಲೇಬೇಕು. ನಮ್ಮ ಹಡಗಿನಲ್ಲಿ ಬೆಂಕಿಗೆ ಬಹಳ ಶಿಸ್ತು. ಶುಕ್ರವಾರ ಸಂಜೆಯೇ ಮೆಸ್‌ರೂಮಿನ ಬೋರ್ಡಿನಲ್ಲಿ ಬರೆದಿರುತ್ತದೆ: ನಾಳೆ ಮೂರೂವರೆಗೆ ಪೇಂಟ್ ಸ್ಟೋರಿನಲ್ಲಿ ಬೆಂಕಿ. ಮೂರಕ್ಕೆ ಚಹಾ, ಬಿಸ್ಕತ್ತು. ಮೂರೂ ಇಪ್ಪತ್ತೈದಕ್ಕೆ ಎಲ್ಲರೂ ಹೆಲ್ಮೆಟ್ ಹಾಕಿ ಮಸ್ಟರ್ ಜಾಗದ, ಅಂದರೆ ಗಂಟೆ ಬಾರಿಸಿದಾಗ ಸೇರಬೇಕಾದ ಜಾಗದ ಹತ್ತಿರ, ಆದರೆ ಮಸ್ಟರ್ ಜಾಗದಲ್ಲಿ ಅಲ್ಲ, ಸುಮ್ನೆ ಆ ಕಡೆ ಬಂದವರ ಹಾಗೆ ನಿಂತಿರುತ್ತಾರೆ. ಏಳು ಸಣ್ಣ ಗಂಟೆ, ಒಂದು ಉದ್ದ ಗಂಟೆ ಬಾರಿಸುತ್ತದೆ. ಎರಡು ಹೆಜ್ಜೆ ಈಚೆ ಬರುತ್ತಾರೆ. ಮಸ್ಟರ್ ಸಮಯ: ಎರಡು ನಿಮಿಷ. ಆಫೀಸಿನಿಂದ ಶಹಬ್ಬಾಸ್ ಮೇಲ್ ಬರುತ್ತದೆ.

ಡ್ರಿಲ್ಲಿನಲ್ಲಿ ಒಬ್ಬ ಗಾಯಾಳು ಬೇಕು. ಅವನನ್ನು ಸ್ಟ್ರೆಚರಿಗೆ ಕಟ್ಟಿ ಮೂರು ಡೆಕ್ ಮೇಲೆ ಹೊರಬೇಕು. ಹಾಗಾಗಿ ನಮ್ಮಲ್ಲಿ ಗಾಯ ಆಗುವುದು ಕೆಲಸ ಕಲಿಯಲು ಬಂದ ಡೆಕ್ ಕ್ಯಾಡೆಟ್‌ಗೆ ಮಾತ್ರ. ಬಿಹಾರದ ಹುಡುಗ, ಐವತ್ತೆರಡು ಕೆಜಿ. ಒಂಬತ್ತು ತಿಂಗಳಲ್ಲಿ ಅವನ ಬಲಗಾಲು ಹನ್ನೊಂದು ಸಲ ಮುರಿದಿದೆ, ಎರಡು ಸಲ ಹೊಗೆ ಕುಡಿದಿದ್ದಾನೆ, ಒಮ್ಮೆ ಸತ್ತೂ ಹೋಗಿದ್ದಾನೆ. ಬೋಸನ್, ಅಂದರೆ ಡೆಕ್ ನಾವಿಕರ ಮೇಸ್ತ್ರಿ, ಅವನ ತೂಕ ನೂರಾ ನಾಲ್ಕು. ಅವನಿಗೆ ಇಲ್ಲಿವರೆಗೆ ಒಂದು ಗೀರು ಕೂಡ ಆಗಿಲ್ಲ. ದೇವರು ಅವನನ್ನು ಹಾಗೇ ಕಾಪಾಡಲಿ.

ನೀರು ಹಾರಿಸುವ ಪೈಪು ಬಿಚ್ಚುತ್ತೇವೆ, ಹಿಡಿದು ನಿಲ್ಲುತ್ತೇವೆ, ಫೋಟೋ ತೆಗೆಯುತ್ತೇವೆ. ನೀರು ಬಿಡುವುದಿಲ್ಲ, ಬಿಟ್ಟರೆ ಪೈಪು ಒಣಗಿಸಬೇಕು. ಆಫೀಸಿಗೆ ಫೋಟೋ ಹೋದರೆ ಒಂದೇ ಪ್ರಶ್ನೆ ಬರುತ್ತದೆ. ಎಡದಿಂದ ಮೂರನೆಯವನ ಹೆಲ್ಮೆಟ್ ಪಟ್ಟಿ ಗಲ್ಲಕ್ಕೆ ಸಿಕ್ಕಿಸಿಲ್ಲ ಯಾಕೆ?

ಡ್ರಿಲ್ ಮುಗಿದ ಮೇಲೆ ಕಂಪ್ಯೂಟರ್ ತರಬೇತಿ. ವಿಡಿಯೋ ನೋಡಿ ಕೊನೆಯಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಬೇಕು. ಇಪ್ಪತ್ತು ಜನರ ತರಬೇತಿಯನ್ನೂ ಜೂನಿಯರ್ ಇಂಜಿನಿಯರ್ ಒಬ್ಬನೇ ಭಾನುವಾರ ಕೂತು ಮುಗಿಸುತ್ತಾನೆ. ಹಾಗಾಗಿ ನಮ್ಮ ಅಡುಗೆಯವರು ಹಿಮದ ಸಮುದ್ರದಲ್ಲಿ ಹಡಗು ನಡೆಸುವುದರಲ್ಲಿ ನೂರಕ್ಕೆ ನೂರು. ಅವರಿಗೆ ಇದು ಗೊತ್ತಿಲ್ಲ, ಹೇಳಿದರೆ ಸಂಬಳ ಜಾಸ್ತಿ ಕೇಳುತ್ತಾರೆ.

ಇಷ್ಟೆಲ್ಲ ಸಹಿಸಬಹುದು. ನನಗೆ ನಿಜವಾಗಿ ಹೊಟ್ಟೆ ಉರಿಯುವುದು ನಿದ್ದೆ ಲೆಕ್ಕದ ಮೇಲೆ. ಯಾವುದೇ ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ವಾರಕ್ಕೆ 77 ಗಂಟೆ ಎಂದು ನಿಯಮ. ಆ 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡಬಾರದು, ಒಂದು ತುಂಡು 6 ಗಂಟೆಯದ್ದಿರಬೇಕು. ಕೇಳಲು ಚೆನ್ನಾಗಿದೆ ಅಲ್ವಾ? ವಾರದ 168 ಗಂಟೆಯಲ್ಲಿ 77 ಕಳೆಯಿರಿ. 91. ದೊಡ್ಡ ಕಂಪನಿಯವರು ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಎಂದಾಗ ಬೆಂಗಳೂರೆಲ್ಲ ಗಲಾಟೆ ಆಯಿತು. ನಮಗೆ 91 ದಾಟದಿದ್ದರೆ ಅದರ ಹೆಸರು ವಿಶ್ರಾಂತಿ.

ದಾಟಿದರೂ ತೊಂದರೆ ಇಲ್ಲ. ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ ನಿಯಮ ಮುರಿದ ದಿನ ಕೆಂಪಾಗುತ್ತದೆ. ಚೀಫ್ ಆಫೀಸರ್, ಅಂದರೆ ಕ್ಯಾಪ್ಟನ್ ನಂತರದವನಾದ ನಾನೇ ಅದನ್ನು ನೋಡಿಕೊಳ್ಳಬೇಕು. ಕಳೆದ ಸಲ ಒಂದೇ ದಿನ ಎರಡು ಬಂದರು. ರಾತ್ರಿ ಎರಡಕ್ಕೆ ಬಂದರಿನ ದಾರಿ ತೋರಿಸುವ ಪೈಲಟ್ ಹತ್ತಿದರು, ನಾಲ್ಕಕ್ಕೆ ಹಗ್ಗ ಕಟ್ಟಿದೆವು, ಆರಕ್ಕೆ ಸರಕು ಶುರು, ಸಂಜೆ ಹೊರಟು ಮಧ್ಯರಾತ್ರಿ ಮತ್ತೊಂದು ಪೈಲಟ್. ಶೀಟು ನಮ್ಮೂರ ಯಕ್ಷಗಾನದ ಬಣ್ಣದ ವೇಷದ ಹಾಗೆ ಕೆಂಪೋ ಕೆಂಪು. ಕ್ಯಾಪ್ಟನ್ ಇಣುಕಿ ನೋಡಿ, "ಇದೇನು, ಸರಿ ಮಾಡಿ" ಅಂದರು. ಕೆಲಸ ಕಮ್ಮಿ ಮಾಡಿ ಎಂದಲ್ಲ, ಬಣ್ಣ ಸರಿ ಮಾಡಿ ಎಂದು. ನಾನು ಕೂತು, ಮೌಸ್ ಒತ್ತಿ, ಇಪ್ಪತ್ತು ಜನರನ್ನು ಮಲಗಿಸಿದೆ. ಹಗ್ಗ ಕಟ್ಟುತ್ತಿದ್ದ ಬೋಸನ್‌ನನ್ನು ಆರು ಗಂಟೆ ಗಡದ್ದಾಗಿ ಮಲಗಿಸಿದೆ. ನನಗೂ ಎಂಟು ಗಂಟೆ ನಿದ್ದೆ ಕೊಟ್ಟೆ. ಈ ಕೆಲಸ ಮುಗಿಯುವಾಗ ಬೆಳಗಿನ ಜಾವ ಮೂರು.

ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯ 2020ರಲ್ಲಿ ಈ ಬಗ್ಗೆ ವರದಿ ಮಾಡಿತು. ಅದರ ಹೆಸರೇ 'ಅಡ್ಜಸ್ಟ್‌ಮೆಂಟಿನ ಸಂಸ್ಕೃತಿ'. ಇದಕ್ಕೆ ಸಂಶೋಧನೆ ಯಾಕೆ ಬೇಕಿತ್ತು? ಮೂರು ಜನರ ಸೀಟಿನಲ್ಲಿ ಐದನೆಯವನಾಗಿ ಕೂರಲು ಬರುವವರು ಏನು ಹೇಳುತ್ತಾರೆ ಎಂದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದರೆ ಸಾಕಿತ್ತು.

ಆದರೆ ಕೆಲವು ಕಡೆ ಅಡ್ಜಸ್ಟ್ ಆಗುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಕಲ್ಲಿದ್ದಲು ತುಂಬಿದ ಶೆನ್ ನೆಂಗ್ 1 ಹಡಗು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮೇಲೆ ಹತ್ತಿ ಕೂತಿತು. ಆಗ ಹಡಗು ನಡೆಸುವ ಪಾಳಿಯಲ್ಲಿದ್ದದ್ದು ಚೀಫ್ ಮೇಟ್, ಅಂದರೆ ನನ್ನದೇ ಕುರ್ಚಿ. ಅದಕ್ಕೆ ಮೊದಲಿನ 38 ಗಂಟೆ ಚಿಲ್ಲರೆಯಲ್ಲಿ ಅವನು ಮಲಗಿದ್ದು ಎರಡೂವರೆ ಗಂಟೆ ಎಂದು ತನಿಖೆ ಹೇಳಿತು.

ಹೋದ ತಿಂಗಳು ಬಂದರಿನಲ್ಲಿ ಇನ್ಸ್‌ಪೆಕ್ಟರ್ ಹತ್ತಿದರು. ಬೆಳಿಗ್ಗೆ ಏಳೂವರೆ. ಶೀಟುಗಳನ್ನೆಲ್ಲ ತಿರುವಿದರು. ಹಸಿರೋ ಹಸಿರು, ಮಳೆಗಾಲದ ಆಗುಂಬೆ ಘಾಟಿ. ಸಂತೋಷಪಟ್ಟು, "ವಿಶ್ರಾಂತಿ ಸಿಗುತ್ತದಾ?" ಎಂದು ಎದುರಿಗಿದ್ದ ನಾವಿಕನನ್ನು ಕೇಳಿದರು. ಅವನು ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದ. ಬೋಸನ್ ಹಿಂದಿನಿಂದ ತಿವಿದ. "ಯೆಸ್ ಸರ್" ಎಂದು ಬೆಚ್ಚಿಬಿದ್ದು ಹೇಳಿದ. ಅವರು ಬರೆದುಕೊಂಡರು.

ಕಳೆದ ಬಂದರಿನಲ್ಲಿ ನಮ್ಮ ತೆಳ್ಳಗಿನ ಕ್ಯಾಡೆಟ್ ಸೈನ್ ಆಫ್ ಆಗಿ ಊರಿಗೆ ಹೋದ. ಅವನ ಜಾಗಕ್ಕೆ ಬಂದವನು ಹರಿಯಾಣದ ಪೈಲ್ವಾನ. ಗ್ಯಾಂಗ್‌ವೇ ಹತ್ತಿ ಬರುವಾಗಲೇ ಸ್ಟ್ರೆಚರ್ ಪಾರ್ಟಿಯ ಮುಖ ಸಣ್ಣಗಾಯಿತು. ಶುಕ್ರವಾರ ಸಂಜೆ ಅಡುಗೆಯವರು ನನ್ನ ಕ್ಯಾಬಿನ್ ಬಾಗಿಲು ತಟ್ಟಿದರು. "ಸರ್, ನಾಳೆ ಗಾಯ ಯಾರಿಗೆ?" ಕ್ರೂ ಲಿಸ್ಟ್ ತೆಗೆದು ಮೆಡಿಕಲ್ ಸರ್ಟಿಫಿಕೇಟ್‌ಗಳಲ್ಲಿ ತೂಕ ನೋಡುತ್ತಾ ಬಂದೆ. ಅರುವತ್ತೊಂದಕ್ಕಿಂತ ಕಮ್ಮಿ ಇದ್ದವನು ಇಡೀ ಹಡಗಿನಲ್ಲಿ ಒಬ್ಬನೇ.

ಹಾಗಾಗಿ ನಾಳೆ ಮೂರೂವರೆಗೆ ಬಲಗಾಲು ಮುರಿಯುವುದು ನನ್ನದು. ಸ್ಟ್ರೆಚರಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಬಹುದು. ಶೀಟಿನಲ್ಲಿ ಮಾತ್ರ ಅದು ಕೆಲಸ ಎಂದೇ ಬರುತ್ತದೆ.