ಕಾರಿನ ಬೆನ್ನೇರಿದ ಸೈಕಲ್

ಜೂನ್ 3 ಬಂದರೆ ಸಾಕು, ನಮ್ಮ ದೊಡ್ಡವರಿಗೆಲ್ಲ ಸೈಕಲ್ ನೆನಪಾಗುತ್ತದೆ. ವಿಶ್ವ ಸೈಕಲ್ ದಿನ ಅಲ್ವಾ! ಮುಂದೆ ಪೊಲೀಸ್ ಜೀಪು, ಹಿಂದೆ ಸಾಹೇಬರ ಕಾರು, ನಡುವೆ ಹೊಸ ಹೆಲ್ಮೆಟ್ಟಿನಲ್ಲಿ ಸಾಹೇಬರು. ನಾಲ್ಕು ಸಲ ಪೆಡಲ್ ತುಳಿದು, ಫೋಟೊ ತೆಗೆಸಿಕೊಂಡು ಕಾರು ಹತ್ತುತ್ತಾರೆ. ಹತ್ತುವ ಮುಂಚೆ ಬುದ್ಧಿಮಾತು: ಜನ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗೋದನ್ನು ರೂಢಿ ಮಾಡಿಕೊಳ್ಳಬೇಕಂತೆ.

ಯಾವ ಜನ ಸ್ವಾಮಿ? 2011ರ ಜನಗಣತಿ ನೋಡಿ. ಬೇಸಾಯ, ಮನೆಕಸುಬು ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್‌ನಲ್ಲೇ ಹೋಗುತ್ತಿದ್ದರು. ಕಾರಿನವರು 3 ಜನವೂ ಇರಲಿಲ್ಲ. ಆದರೆ ಆ 13 ಜನರನ್ನು ಯಾರೂ ಸೈಕ್ಲಿಸ್ಟ್ ಅನ್ನುವುದಿಲ್ಲ. ವಾಚ್‌ಮನ್ ಅನ್ನುತ್ತಾರೆ, ಗಾರೆಯವನು ಅನ್ನುತ್ತಾರೆ. ಸೈಕ್ಲಿಸ್ಟ್ ಆಗಬೇಕಾದರೆ ಮೈಗಂಟುವ ಚಡ್ಡಿ ಬೇಕು. ಸೈಕಲ್ಲಿನ ಬೆಲೆ ವಾಚ್‌ಮನ್ನಿನ ಆರು ತಿಂಗಳ ಸಂಬಳಕ್ಕಿಂತ ಜಾಸ್ತಿ ಇರಬೇಕು. ಭಾನುವಾರ ಅದನ್ನು ಕಾರಿನ ಬೆನ್ನಿಗೆ ಕಟ್ಟಿ ನಂದಿ ಬೆಟ್ಟದ ಬುಡಕ್ಕೆ ಹೊತ್ತೊಯ್ಯಬೇಕು. ಸೋಮವಾರ ಆಫೀಸಿಗೆ? ಅಯ್ಯೋ, ಟ್ರಾಫಿಕ್ಕು, ಧೂಳು. ಕಾರೇ ವಾಸಿ.

ಈ ಸೈಕಲ್ಲುಗಳಿಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಟ್ಯಾಂಡು, ಸಿಸಿಟಿವಿ. ಗಾಳಿ ಇಳಿದು ಸುಮ್ನೆ ನಿಂತಿರುತ್ತವೆ. ಅವನ್ನು ಕಾಯುವವನ ಸೈಕಲ್ ಮಾತ್ರ ಗೇಟಿನ ಆಚೆ, ಲೈಟು ಕಂಬಕ್ಕೆ ಚೈನು ಬಿಗಿಸಿಕೊಂಡು. ಮಳೆಗೆ ನೆನೆಯದಿರಲಿ ಅಂತ ಸೀಟಿಗೊಂದು ಪ್ಲಾಸ್ಟಿಕ್ ಕವರು, ಕ್ಯಾರಿಯರ್ ಮೇಲೆ ಹಳೇ ಟ್ಯೂಬಿನ ತುಂಡು, ಟಿಫಿನ್ ಡಬ್ಬಿ ಕಟ್ಟೋಕೆ.

ಅಂದ ಹಾಗೆ, ಸೈಕಲ್ ತಯಾರಿಸುತ್ತಿದ್ದ ಅಟ್ಲಾಸ್ ಕಂಪನಿಯ, ದೆಹಲಿ ಪಕ್ಕದ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದೇ. ಮುಹೂರ್ತ ಇಟ್ಟ ಪುಣ್ಯಾತ್ಮರು ಯಾರೋ! ಅದೇ ವರ್ಷ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಲೇನು ಬಂತು. ಕಂಪ್ಯೂಟರ್ ಕಂಪನಿಗಳ ಬಾಗಿಲಿಗೇ ಬಂತು ನೋಡಿ, ಪೀಣ್ಯದ ಕಾರ್ಖಾನೆಗಳಿಗೆ ತುಳಿಯುವವರು ಯಾರ ಕಣ್ಣಿಗೂ ಬೀಳಲಿಲ್ಲ. ಬೈಕಿನವರು ತಮಗೇ ಮಾಡಿಸಿದ್ದು ಅಂದುಕೊಂಡು ನುಗ್ಗಿದರು. ಆಮೇಲೆ ಮೆಟ್ರೊ ಕೆಲಸ ಬಂತು, ಲೇನೇ ಹೋಯಿತು, ಜಗಳವೇ ಮುಗಿಯಿತು.

ಹೆಣ್ಣುಮಕ್ಕಳ ಮಾತು ಬಿಡಿ. 2006ರಿಂದ ನಮ್ಮ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಟ್ಟಿತು. ಲಂಗದಾವಣಿಯಲ್ಲೂ ತುಳಿದು ಸ್ಕೂಲಿಗೆ ಹೋದರು. ಈಗ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತು ನೋಡಿ, ಟೆಂಪೊದಿಂದ ಇಳಿಯುತ್ತಾರೆ, ನಡೆದು ಬರುತ್ತಾರೆ. ತುಳಿಯೋದು ಮರೆತಿಲ್ಲ. ಕತ್ತಲಲ್ಲಿ ಲಾರಿ ಪಕ್ಕ ತುಳಿಯೋಕೆ ಯಾರಿಗೆ ಧೈರ್ಯ?

ಸಾಕು ಮಾಡಿ ಈ ಜಾಥಾ. ಸೈಕಲ್ ತುಳಿಯೋರಿಗೆ ಜಾಗೃತಿ ಬೇಡ ಕಣ್ರೀ, ಅವರು ದಿನಾ ಜೀವ ಕೈಯಲ್ಲಿ ಹಿಡಿದೇ ತುಳಿಯುತ್ತಿದ್ದಾರೆ. ಸರ್ವೀಸ್ ರಸ್ತೆಗೆ ದೀಪ ಹಾಕಿಸಿ. ವಾಚ್‌ಮನ್ ಸೈಕಲ್ಲನ್ನು ಗೇಟಿನ ಒಳಗೆ ಬಿಡಿ. ಜಾಥಾದ ಟೀ ಶರ್ಟು ನೀವೇ ಇಟ್ಟುಕೊಳ್ಳಿ.